ಡಾಸ್ ಬದಲಾದ ಮಳೆಗಾಲ

ಹೋದ ಶ್ರಾವಣದಲ್ಲಿ ಅಕ್ಕನ ಬಸುರಿ ಮೊಮ್ಮಗಳ ಕುಬಸಕ್ಕೆಂದು ಅಣ್ಣಿಗೇರಿಗೆ ಹೋಗಿದ್ದೆ. ಊಟವಾದ ಮೇಲೆ ಹೆಂಗಸರೆಲ್ಲ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಾಗ, ನಾನು ಚಪ್ಪಲಿ ಮೆಟ್ಟಿಕೊಂಡು ನವಲಗುಂದ ರಸ್ತೆಗುಂಟ ನಡೆದೆ. ಊರು ದಾಟಿ ಒಂದು ಮೈಲಿಗೆ ಬೀಜದ ಫಾರ್ಮು. ನಾನು ಕೆಲಸಕ್ಕೆ ಸೇರಿದ ಮೊದಲ ಜಾಗ ಅದು. ಆಗಿನ ಕಚೇರಿ ಈಗ ಉಗ್ರಾಣವಾಗಿದೆ. ಕಾವಲಿನವನು ಬಾಗಿಲು ತೆಗೆದುಕೊಟ್ಟ. ಮಳೆಗೆ ತೊಯ್ದ ಗೋಣಿತಟ್ಟುಗಳನ್ನು ಕಿಟಕಿಗೆ ಒಣಹಾಕಿದ್ದರು. ಆ ವಾಸನೆ ಮೂಗಿಗೆ ಬಡಿಯಿತು ನೋಡಿ, ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಅದೇ ಕೋಣೆ, ಅದೇ ಕಿಟಕಿ. ಸಾವಿರದ ಒಂಬೈನೂರ ಎಂಬತ್ತೆಂಟರ ಜೂನಿನಲ್ಲಿ ಅದಕ್ಕೆ ಗೋಣಿತಟ್ಟು ಕಟ್ಟಿ ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಿದ್ದೆವು. ಕಂಪ್ಯೂಟರ್ ಇರುವ ಕೋಣೆ ತಂಪಾಗಿರಬೇಕು ಎಂದು ಧಾರವಾಡದ ಮುಖ್ಯ ಕಚೇರಿಯಿಂದ ಕಾಗದ ಬಂದಿತ್ತು. ತಂಪು ಮಾಡಲು ನಮ್ಮ ಹತ್ತಿರ ಇದ್ದದ್ದು ಗೋಣಿತಟ್ಟು ಮತ್ತು ಕಾಳು ಹುಗಿದಿಡುವ ಹಗೇವಿನಂತೆ ತಂಪು ಹಿಡಿದಿಡುವ ದಪ್ಪ ಗೋಡೆ, ಅಷ್ಟೇ.

ನನಗಾಗ ಇಪ್ಪತ್ತೆರಡು. ಕುಂದಗೋಳದಲ್ಲಿ ಟೈಪಿಂಗ್ ಕಲಿತು, ತಾತ್ಕಾಲಿಕ ಟೈಪಿಸ್ಟ್ ಎಂದು ಫಾರ್ಮಿಗೆ ಸೇರಿ ಒಂದು ವರ್ಷವಾಗಿತ್ತು. ಆರು ತಿಂಗಳಿಗೊಮ್ಮೆ ಮುಂದುವರಿಕೆಯ ಆದೇಶ ಬರಬೇಕು. ಬಾರದಿದ್ದರೆ ಮನೆಗೆ. ಅಧಿಕಾರಿ ಹಿರೇಮಠ ಸರ್ ಮೆತ್ತನೆಯ ಮನುಷ್ಯ, ಆದರೆ ಮೇಲಿನವರ ಕಾಗದ ಬಂದರೆ ಬೆವರುವವರು. ಇನ್ನೊಬ್ಬರು ಮಲ್ಲಪ್ಪ ಕಾಕಾ. ಶಲವಡಿಯವರು, ಹುಡುಗತನದಲ್ಲಿ ಕುರಿ ಕಾಯ್ದವರು. ಇಪ್ಪತ್ತಾರು ವರ್ಷಗಳಿಂದ ಫಾರ್ಮಿನ ಅಂಗಳದಲ್ಲಿದ್ದ ಮಳೆ ಅಳೆಯುವ ಪಾತ್ರೆಯ ಕೆಲಸ ಅವರದು. ದಿನಾ ಮುಂಜಾನೆ ಎಂಟೂವರೆಗೆ ಹೋಗಿ, ಹಿಂದಿನ ದಿನದಿಂದ ಬಿದ್ದ ನೀರನ್ನು ಗಾಜಿನ ಅಳತೆಪಾತ್ರೆಗೆ ಸುರುವಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಎಷ್ಟು ಮಿಲಿಮೀಟರ್ ಎಂದು ರಿಜಿಸ್ಟರಿನಲ್ಲಿ ಬರೆಯುವುದು. ಮಳೆ ಬಾರದ ದಿನವೂ ಹೋಗಿ ನೋಡಿಯೇ ಸೊನ್ನೆ ಬರೆಯುತ್ತಿದ್ದರು. ಬರುವ ಜನವರಿಗೆ ಅವರ ನಿವೃತ್ತಿ ಇತ್ತು.

ಕಂಪ್ಯೂಟರ್ ಬಂದದ್ದು ಜೀಪಿನಲ್ಲಿ. ಮುಖ್ಯ ಕಚೇರಿಯಲ್ಲಿ ಬಳಸಿ ಹಳತಾದದ್ದನ್ನು ನಮಗೆ ಕಳಿಸಿದ್ದರು. ರಸ್ತೆಯ ಕುಲುಕಾಟಕ್ಕೆ ಒಡೆದೀತೆಂದು ಯಾರೋ ಜಾಣರು ಅದನ್ನು ಎರಡು ಕೌದಿಯಲ್ಲಿ ಸುತ್ತಿದ್ದರು. ಅದರ ಜತೆ ಹುಬ್ಬಳ್ಳಿಯಿಂದ ಬಂದ ಎಂಜಿನಿಯರು ನದಾಫ್. ತೆಳ್ಳಗಿನ ಮನುಷ್ಯ, ಬೂಟಿನ ತುಂಬ ಎರೆಮಣ್ಣು. ಅವರು ತಂತಿಗಳನ್ನು ಜೋಡಿಸಿ ಗುಂಡಿ ಒತ್ತಿದಾಗ ಒಳಗೆ ಏನೋ ಗರಗರ ತಿರುಗಿತು, ಒಂದು ಸಲ ಕೂಗಿತು. ಕಪ್ಪು ತೆರೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು. ಕೊನೆಗೆ ಒಂದು C, ಅದರ ಪಕ್ಕ ಬಾಣದ ತುದಿಯಂಥ ಗುರುತು, ಅದರಾಚೆ ಮಿಣುಕುವ ಒಂದು ಚಿಕ್ಕ ಗೀಟು. ಅಷ್ಟೇ.

"ಯಾಕ್ರಿ ಅದು ಹಂಗ ಮಿಣಮಿಣ ಅನ್ನಾಕತ್ತೈತಿ?" ಎಂದು ಮಲ್ಲಪ್ಪ ಕಾಕಾ ಮೆಲ್ಲಗೆ ಕೇಳಿದರು.

"ನಿಮ್ಮ ದಾರಿ ಕಾಯಾಕತ್ತೈತ್ರಿ ಕಾಕಾ," ಅಂದರು ನದಾಫ್. "ನೀವು ಏನರೆ ಹೇಳೂತನಕ ಕಾಯ್ತೈತಿ."

"ಎಷ್ಟೊತ್ತು?"

"ಕರೆಂಟ್ ಇರೂತನಕ."

"ಹಂಗಾರ ನಮ್ಮ ಸಾಹೇಬ್ರಕಿಂತ ತಾಳ್ಮಿ ಬಾಳ ಐತಿ ಬಿಡ್ರಿ."

ಹಿರೇಮಠ ಸರ್ ನಕ್ಕರು. "ಏ ಮಲ್ಲಪ್ಪ, ಬಾಯಿ ಬಾಳ ಆತು ನಿಂದು," ಅಂದರು.

ಮೂರು ದಿನ ನದಾಫ್ ಅವರು ನನಗೆ ಕಲಿಸಿದರು. ಪೆಟ್ಟಿಗೆ ಬೇರೆ, ಅದನ್ನು ನಡೆಸುವ ಡಾಸ್ ಬೇರೆ ಎನ್ನುವುದೇ ಮೊದಲು ನನ್ನ ತಲೆಗೆ ಹೋಗಲಿಲ್ಲ. ಅವರು ಬೇಸರವಿಲ್ಲದೆ ಮತ್ತೆ ಮತ್ತೆ ಹೇಳಿದರು: "ಪೆಟ್ಟಿಗಿ ಮೈ ಇದ್ದಂಗ ಬಾಯಾರ. ನೀವು ಕೀಲಿ ಒತ್ತಿದ್ರ ಏನ್ ಮಾಡಬೇಕು, ಬರದದ್ದು ಎಲ್ಲಿ ಇಡಬೇಕು, ನಾಳೆ ಎಲ್ಲಿಂದ ಹುಡುಕಿ ಕೊಡಬೇಕು, ಇಷ್ಟೂ ನೋಡಿಕೊಳ್ಳೂದು ಡಾಸ್. ಮೊದಲನೇ ಡಾಸಿಗೆ ಹಾಕಿ ತಗಿಯೂ ಫ್ಲಾಪಿ ಅಷ್ಟ ಗೊತ್ತಿತ್ತು. ಎಲ್ಲಾನೂ ಒಂದ ರಾಶಿಗೆ ಒಗೀತಿತ್ತು. ಎರಡನೇದಕ್ಕ ಖಾನೆ ಒಳಗ ಖಾನೆ ಮಾಡೂ ಬುದ್ಧಿ ಬಂತು, ಒಳಗಿನ ದೊಡ್ಡ ಡಿಸ್ಕಿನ ಗುರುತು ಸಿಕ್ತು. ನಿಮ್ಮದು ಎರಡನೇದು. ಈಗ ಮೂರನೇದೂ ಬಂದೈತಿ."

"ಪೆಟ್ಟಿಗಿ ಅದ ಇರ್ತೈತಿ, ಬುದ್ಧಿ ಅಷ್ಟ ಬೆಳೀತೈತೇನ್ರಿ?"

"ಹೌದ್ರಿ. ಫ್ಲಾಪಿಯೊಳಗ ಬರ್ತೈತಿ. ಬಸ್ಸಿನಾಗ ನಾನ ಹೊತ್ಕೊಂಡು ಬರ್ತೀನಿ."

ನಾನು ಕುಂದಗೋಳದಲ್ಲಿ ಕಲಿತ ಟೈಪ್‌ರೈಟರು ನನಗಿಂತ ಹಿರಿಯದು. ಹುಟ್ಟಿದ ದಿನ ಏನು ಬಲ್ಲದೋ ಗುಜರಿಗೆ ಹೋಗುವ ದಿನವೂ ಅಷ್ಟನ್ನೇ ಬಲ್ಲದು. ಆದರೆ ಇದು? ಮೇಜಿನ ಮೇಲೆ ಕೂತಲ್ಲೇ ಕೂತು, ಹಿಂದಿನ ವರ್ಷ ತಿಳಿಯದ್ದನ್ನು ಮುಂದಿನ ವರ್ಷ ತಿಳಿದುಕೊಳ್ಳುತ್ತದೆ. ಅಂದು ಸಂಜೆ ಬಸ್ಸಿಗೆ ಕಾಯುತ್ತ ನಾನು ಇದನ್ನೇ ಯೋಚಿಸುತ್ತಿದ್ದೆ. ಎದುರಿಗೆ ಹೆಸರುಕಾಳಿನ ಹೊಲಗಳು ಮೊದಲ ಮಳೆಗೆ ಹಸಿರೊಡೆದಿದ್ದವು.

ನಮಗೆ ಕೊಟ್ಟ ಕೆಲಸ ಕಾಕಾನ ರಿಜಿಸ್ಟರುಗಳದು. ಇಪ್ಪತ್ತಾರು ವರ್ಷದ ಮಳೆಯನ್ನೆಲ್ಲ ಯಂತ್ರಕ್ಕೆ ಸೇರಿಸಬೇಕು. ಹಿಂಗಾರಿಯಲ್ಲಿ ಕಡಲೆ ಬಿತ್ತಲು ಯಾವ ವಾರ ನಂಬಿಗಸ್ತ ಎಂದು ಮುಖ್ಯ ಕಚೇರಿಯವರು ಅದರಿಂದ ನೋಡಬೇಕೆಂದಿದ್ದರು. ರಿಜಿಸ್ಟರುಗಳು ಕಪಾಟಿನ ಕೆಳಖಾನೆಯಲ್ಲಿದ್ದವು. ವರಲಿ, ಅಂದರೆ ಗೆದ್ದಲು, ತಿಂದು ಅಂಚುಗಳು ಜಾಳಿಗೆಯಾಗಿದ್ದವು. ಆವರೆಗೆ ಅವನ್ನು ತೆರೆದು ಓದಿದ್ದು ವರಲಿ ಮಾತ್ರ ಎಂದು ಕಾಕಾ ಅನ್ನುತ್ತಿದ್ದರು.

ಜುಲೈಯಿಂದ ನಮ್ಮಿಬ್ಬರದೂ ಒಂದೇ ಕೆಲಸ. ಅವರು ಕನ್ನಡಕ ಏರಿಸಿಕೊಂಡು ಓದುವುದು, ನಾನು ಒತ್ತುವುದು. ಬರೀ ಅಂಕಿ ಓದುತ್ತಿರಲಿಲ್ಲ ಅವರು. "ಆರಿದ್ರಾ ಮಳಿ, ಎರಡನೇ ದಿನ, ಅರವತ್ನಾಲ್ಕು ಪಾಯಿಂಟ ಎರಡು. ಅವತ್ತ ಬೆಣ್ಣಿಹಳ್ಳ ತುಂಬಿ ಬಂದು ನವಲಗುಂದ ಬಸ್ಸ ನಿಂತಿತ್ತು." ಹೊರಗೆ ಈ ವರ್ಷದ ಮಳೆ, ಒಳಗೆ ಆ ವರ್ಷದ್ದು. ಎಲ್ಲಿಯಾದರೂ ಅಂಕಿಯನ್ನೇ ಹುಳ ತಿಂದಿದ್ದರೆ ಕಾಕಾ, "ತಿಂದೈತಿ. ಖಾಲಿ ಬಿಡು ತಂಗಿ," ಅನ್ನುತ್ತಿದ್ದರು.

"ನಿಮಗ ಆ ದಿನ ನೆನಪೈತೆಲ್ಲರಿ ಕಾಕಾ, ಅಂದಾಜು ಹೇಳ್ರಿ."

"ನೆನಪ ಅಂದ್ರ ನೆನಪು, ಅಳತಿ ಅಂದ್ರ ಅಳತಿ. ಖಾಲಿ ಬಿಡು."

ಮೊದಲ ತಿಂಗಳು ಸೇರಿಸಿದ್ದರ ಒಂದು ನಕಲನ್ನು ಫ್ಲಾಪಿಗೆ ತೆಗೆದಿಟ್ಟಿದ್ದೆ. ತೀರ ಹಳೆಯ ಎರಡು ರಿಜಿಸ್ಟರು ಅದರಲ್ಲಿದ್ದವು. ಆಮೇಲೆ ಫ್ಲಾಪಿ ಮುಗಿದವು. ಫ್ಲಾಪಿಯ ಹೊಸ ಡಬ್ಬಿ ಕಳಿಸಿರಿ ಎಂದು ಎರಡು ಸಲ ಬರೆದೆವು. ಅದು ಬಂದದ್ದು ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ ಹತ್ತೊಂಬತ್ತು ವರ್ಷದ ಮಳೆ ಯಂತ್ರದ ಒಳಗಿನ ಡಿಸ್ಕಿನಲ್ಲಿತ್ತು.

ಹೆಸರು ಒಕ್ಕಲಾಗಿ, ಹುಬ್ಬಿ ಮಳೆ ಹಿಡಿದಿತ್ತು. ಅಂದು ಮಧ್ಯಾಹ್ನ ಹಿರೇಮಠ ಸರ್ ಒಳಗೆ ಬಂದು, "ಸುಶೀಲಾ, ಧಾರವಾಡದವರಿಗೆ ಇವತ್ತ ಒಂದು ನಕಲು ಬೇಕಂತ. ನಾಲ್ಕರ ಬಸ್ಸಿಗೆ ಕೊಟ್ಟು ಕಳಸೂಣು," ಅಂದರು. ಮೂರೂವರೆ ಆಗಿತ್ತು. ಹೊಸ ಫ್ಲಾಪಿಯನ್ನು ಬಳಸುವ ಮೊದಲು ಹದ ಮಾಡಬೇಕು. ಅದಕ್ಕೆ FORMAT ಎಂದು ಬರೆದು, ಮುಂದೆ ಫ್ಲಾಪಿಯ ಗುರುತಾದ A ಅಕ್ಷರ ಸೇರಿಸಬೇಕು. ಹಿಂದೆ ಹತ್ತು ಸಲ ಮಾಡಿದ್ದೆ. ಅವಸರಕ್ಕೆ ಬರೀ FORMAT ಎಂದು ಬರೆದು ಕೀಲಿ ಒತ್ತಿದೆ. ಯಾವುದಾದರೂ ಕೀಲಿ ಒತ್ತಿರಿ ಎಂದಿತು. ಒತ್ತಿದೆ.

ಫ್ಲಾಪಿ ಇಟ್ಟ ಖಾನೆಯ ಕೆಂಪು ದೀಪ ಹತ್ತಲಿಲ್ಲ. ಅದರ ಬಾಜು, ಒಳಗಿನ ಡಿಸ್ಕಿನ ದೀಪ ಹತ್ತಿತ್ತು. ಅದು ಆರದೆ ಉರಿಯುತ್ತಲೇ ಇತ್ತು.

ಏನಾಗುತ್ತಿದೆ ಎಂದು ನನಗೆ ತಿಳಿಯಿತು. ತಿಳಿದೂ ಕೈ ಎತ್ತಲಾಗಲಿಲ್ಲ. ಅಕ್ಷರ ಬಿಟ್ಟದ್ದಕ್ಕೆ ಯಂತ್ರ, ತಾನು ಎಲ್ಲಿ ನಿಂತಿದೆಯೋ ಅದನ್ನೇ ಹದ ಮಾಡಲು ಹೊರಟಿತ್ತು. ಮುಗಿದ ಮೇಲೆ, ಆಜ್ಞೆ ಓದುವ ಕಡತ ಸಿಗುತ್ತಿಲ್ಲ, ಅದಿರುವ ಡಿಸ್ಕ್ ಹಾಕಿರಿ ಎಂದು ತೆರೆಯ ಮೇಲೆ ಬರೆಯಿತು. ತನ್ನ ಹೆಸರನ್ನೂ ಅದು ಮರೆತಿತ್ತು. ಡಾಸ್ ಇದ್ದ ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಿ ನೋಡಿದೆ. ಡಿಸ್ಕಿನಲ್ಲಿ ಏನೂ ಇರಲಿಲ್ಲ.

ಹಿರೇಮಠ ಸರ್ ಕುರ್ಚಿಯಲ್ಲಿ ಕುಸಿದರು. ಬೈಯಲಿಲ್ಲ. ದನಿ ತಗ್ಗಿಸಿ, "ಮಳಿಗೆ ಕರೆಂಟ್ ಹೋಗಿ ಬಂತು, ಯಂತ್ರ ಕೆಡ್ತು ಅಂತ ಬರದು ಬಿಡ್ರಿ. ಯಾರೂ ಕೇಳಂಗಿಲ್ಲ. ನಿಮ್ಮ ಆರ್ಡರ್ ಬ್ಯಾರೆ ಮುಂದಿನ ತಿಂಗಳ ಬರೂದೈತಿ," ಅಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ನಾನು ತಲೆಯಾಡಿಸಿದೆ. ಕರೆಂಟು ದಿನಾ ಹೋಗುತ್ತಿತ್ತು. ಯಾರೂ ನಂಬದೆ ಇರುತ್ತಿರಲಿಲ್ಲ.

ಮಾರನೆಯ ಮುಂಜಾನೆ ಕಾಕಾ ಮಳೆ ಅಳೆದು ಬರುವುದನ್ನೇ ಕಾದು, ಜಗಲಿಯ ಮೇಲೆ ಅವರಿಗೆ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತೆ. ಹತ್ತೊಂಬತ್ತು ವರ್ಷವನ್ನು ಅವರು ನನಗೆ ಓದಿ ಹೇಳಿದ್ದರು. ಅವರ ಮುಖ ನೋಡಲಾಗಲಿಲ್ಲ. ಅವರು ಒಳಗೆ ಹೋದರು. ಒಂದು ರಿಜಿಸ್ಟರು ತಂದು ಹಾಳೆ ತಿರುವಿ ನನ್ನ ಮುಂದೆ ಇಟ್ಟರು. ಒಂದು ದಿನದ ಅಂಕಿಯ ಜಾಗ ಖಾಲಿ. ಬಾಜು ನೀಲಿ ಶಾಯಿಯಲ್ಲಿ ಬರೆದಿತ್ತು: "ಪಾತ್ರೆ ನನ್ನ ಕೈ ಜಾರಿ ನೀರು ಚೆಲ್ಲಿತು. ಅಳೆದಿಲ್ಲ. ಮಲ್ಲಪ್ಪ."

"ಅವತ್ತಿನ ಸಾಹೇಬ್ರು ಇಪ್ಪತ್ತು ಅಂತ ಬರಿಯೋ ಮಾರಾಯ ಅಂದ್ರು. ಬಾಜೂ ಊರಾಗ ಇಪ್ಪತ್ತ ಆಗಿತ್ತು."

"ಮತ್ತ ಯಾಕ ಬರೀಲಿಲ್ರಿ?"

"ಒಂದ ಸುಳ್ಳು ಒಳಗ ಕುಂತ್ರ ಉಳದದ್ದನ್ನ ಯಾರ ನಂಬಬೇಕ?" ಅಂದರು. ಆಮೇಲೆ ನನ್ನನ್ನು ನೋಡಿ, "ಅಳಬ್ಯಾಡ ತಂಗಿ. ರಿಜಿಸ್ಟರ ಅದಾವ, ನಾ ಅದೀನಿ. ಮತ್ತ ಓದೂಣು," ಅಂದರು.

ಅಂದೇ ನಾನು ಎರಡು ಪುಟದ ವರದಿ ಬರೆದೆ. ಎಷ್ಟು ಗಂಟೆಗೆ ಕೂತೆ, ಏನು ಬರೆಯಬೇಕಿತ್ತು, ಯಾವ ಅಕ್ಷರ ಬಿಟ್ಟೆ, ಯಂತ್ರ ಏನು ಹೇಳಿತು, ಏನು ಹೇಳಲಿಲ್ಲ, ಎಲ್ಲವನ್ನೂ. ಕೊನೆಗೆ, ತಪ್ಪು ನನ್ನದು ಎಂದು ಬರೆದು ಸಹಿ ಮಾಡಿದೆ. ಹಿರೇಮಠ ಸರ್ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಹಣೆಬರಹ," ಎಂದು ತಾವೂ ಕೆಳಗೆ ಸಹಿ ಹಾಕಿ ಕಳಿಸಿದರು.

ಇಪ್ಪತ್ತು ದಿನ ಉತ್ತರವಿಲ್ಲ. ಯಂತ್ರದ ಮೇಲೆ ಕೌದಿ ಹೊದಿಸಿದ್ದೆ. ಈ ನಡುವೆ ರಿಜಿಸ್ಟರುಗಳನ್ನು ಮತ್ತೆ ತೆರೆದು ನೋಡಿದಾಗ, ಮೂರನೆಯದರ ಕೆಲವು ಹಾಳೆ ಕೈಯಲ್ಲೇ ಪುಡಿಯಾದವು. ಮೊದಲ ಸಲ ತಿರುವಿದ್ದೇ ಅವುಗಳ ಕೊನೆಯ ಓದು ಆಗಿತ್ತು. ಕಾಕಾ ಆ ಪುಡಿಯನ್ನು ಒಂದು ಕಾಗದದಲ್ಲಿ ಮಡಿಚಿಟ್ಟರು. ನಾನು ಆ ದಿನ ಊಟ ಮಾಡಲಿಲ್ಲ.

ಅಕ್ಟೋಬರಿನ ಮೊದಲಿಗೆ ನದಾಫ್ ಬಂದರು. ಬಗಲಚೀಲದಲ್ಲಿ ಫ್ಲಾಪಿಗಳಿದ್ದವು. ಬಂದವರೇ, "ಬಾಯಾರ, ನಿಮ್ಮ ವರದಿ ಧಾರವಾಡದಾಗ ಎಲ್ಲಾರೂ ಓದ್ಯಾರ್ರಿ," ಅಂದರು.

ನಾನು ಕುರ್ಚಿಯಿಂದ ಎದ್ದೆ. "ಕೆಲಸದಿಂದ ತಗದ ಆರ್ಡರ್ ತಂದೀರೇನ್ರಿ?"

"ಎಂಥಾ ಆರ್ಡರ? ಉಳದ ಐದೂ ಫಾರ್ಮಿನಾಗ ಇದ ಹಳೇ ಡಾಸ್ ಐತಿ. ಇನ್ನ ಎರಡು ಕಡೆ ಡಿಸ್ಕ್ ಅಳಿಸಿ ಹೋಗಿತ್ತಂತ, ಕರೆಂಟ್ ಹೋತು ಅಂತ ಬರದಿದ್ರು. ನಿಮ್ಮದು ಓದಿದ ಮ್ಯಾಲೆ ಅವರನ್ನ ಕರದು ಕೇಳ್ಯಾರ. ಅವರೂ ಇದ ಅಕ್ಷರ ಬಿಟ್ಟಿದ್ರು! ಎಲ್ಲಾ ಕಡೆ ಡಾಸ್ ಬದಲಿ ಮಾಡ್ರಿ ಅಂತ ನನ್ನ ಓಡ್ಸಾಕತ್ತಾರ. ಮೊದಲ ಇಲ್ಲಿಗೇ ಬಂದೆ."

ಹಿರೇಮಠ ಸರ್ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಚಹಾ ಹೇಳಿಕಳಿಸಿದರು.

ನದಾಫ್ ಅವರು ಅಳಿಸಿಹೋದದ್ದನ್ನು ಮರಳಿ ತರಲು ಇಡೀ ದಿನ ಒದ್ದಾಡಿದರು. ಆಗಲಿಲ್ಲ. ಮರುದಿನ ಮೂರನೆಯ ಡಾಸನ್ನು ಸೇರಿಸಿದರು. ಫ್ಲಾಪಿ ಹಾಕುತ್ತಾರೆ, ತೆಗೆಯುತ್ತಾರೆ, ಇನ್ನೊಂದು ಹಾಕುತ್ತಾರೆ. ಹೊರಗಿನಿಂದ ನೋಡಿದರೆ ಅದೇ ಪೆಟ್ಟಿಗೆ, ಅದೇ ಕಪ್ಪು ತೆರೆ, ಅದೇ ಮಿಣುಕುವ ಗೀಟು. ಏನು ಬದಲಾಯಿತು ಎಂದು ನಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ.

"ಈಗ ಅವತ್ತ ಬರದದ್ದ ಬರೀರಿ," ಅಂದರು.

"ನಾ ಒಲ್ಲೆರಿ."

"ಒಳಗ ಏನೂ ಇಲ್ಲ, ಅಂಜಬ್ಯಾಡ್ರಿ. ಬರೀರಿ."

FORMAT ಎಂದು ಬರೆದು ಒತ್ತಿದೆ. ಯಂತ್ರ ಮುಂದೆ ಹೋಗಲಿಲ್ಲ. ಯಾವ ಡಿಸ್ಕ್ ಎಂದು ಅಕ್ಷರ ಹೇಳಲೇಬೇಕು ಎಂದು ಬರೆದು ಸುಮ್ಮನೆ ನಿಂತಿತು.

"ಈಗ ಬೇಕಂತ C ಹಾಕ್ರಿ. ಒಳಗಿನ ಡಿಸ್ಕಿಂದ."

ಹಾಕಿದೆ. ತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎರಡು ಸಾಲು ಬಂದವು. ಮಲ್ಲಪ್ಪ ಕಾಕಾ ನನ್ನ ಹೆಗಲ ಹಿಂದೆ ಬಗ್ಗಿದರು. "ಏನ್ ಬರದೈತಿ ತಂಗಿ?"

ನಾನು ಓದಿ ಕನ್ನಡದಲ್ಲಿ ಹೇಳಿದೆ. "ಎಚ್ಚರ. ಒಳಗಿದ್ದದ್ದೆಲ್ಲಾ ಹೋಗಿ ಬಿಡ್ತೈತಿ. ಮುಂದುವರೀಲೋ, ಬ್ಯಾಡೋ? ಹಂಗಂತ ಕೇಳಾಕತ್ತೈತ್ರಿ ಕಾಕಾ."

"ಯಾರು ಕೇಳಾಕತ್ತಾರ?"

ನಾನು ನದಾಫ್ ಅವರ ಮುಖ ನೋಡಿದೆ. ಅವರು ಹೇಳಿದರು: "ಎಲ್ಲೋ ದೂರ ದೇಶದಾಗ ಇದನ್ನ ಬರದವರು, ಕಾಕಾ. ಬಾಯಾರು ಕಳಕೊಂಡಂಗ ಅಲ್ಲೂ ಬಾಳ ಮಂದಿ ಕಳಕೊಂಡಾರ. ಯಾರೋ ಅತ್ತಾರ, ಯಾರೋ ಬೈದು ಕಾಗದ ಬರದಾರ. ಅದಕ್ಕ ಈ ಸಲ ಮೊದಲ ಕೇಳೂಣು ಅಂತ ಹಾಕ್ಯಾರ."

ಕಾಕಾ ಬಹಳ ಹೊತ್ತು ಆ ಹಸಿರು ಸಾಲುಗಳನ್ನು ನೋಡಿದರು. "ಕೇಳಾಕ ಕಲತೈತಿ," ಅಂದರು ಕೊನೆಗೆ. "ಬ್ಯಾಡ ಅನ್ನಾಕ ಯಾವುದು ಒತ್ತಬೇಕ?" ನಾನು N ಕೀಲಿ ತೋರಿಸಿದೆ. ಇಪ್ಪತ್ತಾರು ವರ್ಷ ಮಳೆಯ ನೀರು ಸುರುವಿದ ಆ ಬೆರಳಿನಿಂದ ಅವರೇ ಅದನ್ನು ಒತ್ತಿದರು. ಯಂತ್ರ ಸುಮ್ಮನಾಯಿತು. ಮತ್ತೆ ಗೀಟು ಮಿಣುಕತೊಡಗಿತು.

ಆಮೇಲಿನ ಮೂವತ್ತು ವರ್ಷದಲ್ಲಿ ನಾನು ಎಷ್ಟು ತರಹದ ಕಂಪ್ಯೂಟರುಗಳ ಮುಂದೆ ಕೂತೆನೋ ಲೆಕ್ಕವಿಲ್ಲ. ಆಜ್ಞೆ ಬರೆಯುವುದು ಹೋಗಿ ಚಿತ್ರ ಒತ್ತುವುದು ಬಂತು, ಮೌಸು ಬಂತು, ಬಣ್ಣ ಬಂತು, ಕನ್ನಡವೂ ಬಂತು. ಪ್ರತಿ ಸಲ ಬೆರಗಾಗಿದ್ದೇನೆ. ಆದರೆ ಅಂದಿನ ಆ ಒಂದು ಪ್ರಶ್ನೆಯ ಮುಂದೆ ನಿಂತಂತೆ ಎಲ್ಲೂ ನಿಂತಿಲ್ಲ. ನಾನು ಆ ದೇಶ ಕಂಡವಳಲ್ಲ, ಅವರಿಗೆ ಅಣ್ಣಿಗೇರಿ ಎಲ್ಲಿದೆ ಗೊತ್ತಿಲ್ಲ. ಆದರೂ ನನ್ನಂಥವಳೊಬ್ಬಳು ಅವಸರದಲ್ಲಿ ಒಂದು ಅಕ್ಷರ ಬಿಟ್ಟಾಳು ಎಂದು ಯಾರೋ ನೆನೆಸಿದ್ದರು. ನೆನೆಸಿ, ಅದಕ್ಕಾಗಿ ಎರಡು ಸಾಲು ಬರೆದಿದ್ದರು. ಅವು ಬಸ್ಸಿನಲ್ಲಿ, ನದಾಫ್ ಅವರ ಬಗಲಚೀಲದಲ್ಲಿ, ನನ್ನ ಮೇಜಿಗೆ ಬಂದಿದ್ದವು.

ನನ್ನ ಮುಂದುವರಿಕೆಯ ಆದೇಶ ತಡವಾಗಿಯಾದರೂ ಬಂತು. ಕಾಕಾ ಮತ್ತೆ ಓದತೊಡಗಿದರು. ಹಸ್ತ, ಚಿತ್ತಿ ಮಳೆ ಸುರಿದು ನಿಂತವು. ಕಡಲೆ ಬಿತ್ತಿ, ಎದ್ದು, ಹೂವಾಯಿತು. ಪ್ರತಿ ಶನಿವಾರ ತಪ್ಪದೆ ಎರಡು ನಕಲು ತೆಗೆದೆ. ಒಂದು ಕಪಾಟಿನಲ್ಲಿ, ಇನ್ನೊಂದು ಧಾರವಾಡಕ್ಕೆ. ಪುಡಿಯಾದ ಹಾಳೆಗಳ ದಿನಗಳನ್ನು ಖಾಲಿ ಬಿಟ್ಟೆವು.

ಜನವರಿಯಲ್ಲಿ, ಕಾಕಾನ ನಿವೃತ್ತಿಗೆ ನಾಲ್ಕು ದಿನ ಇರುವಾಗ, ಕೊನೆಯ ರಿಜಿಸ್ಟರು ಮುಗಿಯಿತು. ವಾರಕ್ಕೊಂದು ಸಾಲಿನಂತೆ, ಬಿದ್ದ ಮಳೆಯಷ್ಟು ಚುಕ್ಕಿ ಹಾಕುವ ಒಂದು ಸಣ್ಣ ಕಾರ್ಯಕ್ರಮವನ್ನು ನದಾಫ್ ಬರೆದುಕೊಟ್ಟಿದ್ದರು. ಮುಂಜಾನೆ ಪ್ರಿಂಟರ್ ಕಿರುಗುಟ್ಟಲು ಶುರುವಾದದ್ದು ನಿಲ್ಲಲೇ ಇಲ್ಲ. ಇಪ್ಪತ್ತು ಹಾಳೆಗಿಂತ ಹೆಚ್ಚು, ಒಂದಕ್ಕೊಂದು ಅಂಟಿಕೊಂಡೇ ಬಂದವು. ಹರಿಯಲು ಮನಸ್ಸಾಗಲಿಲ್ಲ. ಹಾಗೇ ಹೊತ್ತೊಯ್ದು ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಹಾಸಿದೆವು. ಗಾಳಿಗೆ ಹಾರದಂತೆ ಒಂದು ತುದಿಯನ್ನು ನಾನು ಹಿಡಿದೆ, ಇನ್ನೊಂದನ್ನು ಹಿರೇಮಠ ಸರ್ ಕುಕ್ಕರಗಾಲಲ್ಲಿ ಕೂತು ಹಿಡಿದರು.

ಮಲ್ಲಪ್ಪ ಕಾಕಾ ಮೊದಲ ಹಾಳೆಯ ಹತ್ತಿರ ಬಂದು ನಿಂತರು. ಕಾಗದದ ಬಾಜುಬಾಜೂಕೆ ಮೆಲ್ಲಗೆ ನಡೆದರು. ಚುಕ್ಕಿಗಳು ಉಬ್ಬಿದಲ್ಲಿ ನಿಲ್ಲುವರು, ಬಗ್ಗುವರು. ಒಂದು ಕಡೆ, "ಇದು ನಮ್ಮ ದೊಡ್ಡ ಮಗಳು ಹುಟ್ಟಿದ ವರ್ಷ," ಅಂದರು. ಚುಕ್ಕಿಯೇ ಇಲ್ಲದ ಉದ್ದನೆಯ ಬಿಳಿ ಜಾಗಗಳನ್ನೂ ಅಷ್ಟೇ ನಿಧಾನವಾಗಿ ದಾಟಿದರು. ಆ ಸೊನ್ನೆಗಳಿಗೂ ಅವರು ಎದ್ದುಹೋಗಿ ನೋಡಿದ್ದರಲ್ಲ. ಕೊನೆಯ ಹಾಳೆಗೆ ಬಂದವರು ತಿರುಗಿ, ನಡೆದು ಬಂದ ಉದ್ದಕ್ಕೂ ಕಣ್ಣು ಹಾಯಿಸಿದರು.

"ತಂಗಿ, ಇಷ್ಟ ಮುಂಜಾನಿ ಎದ್ದೀನೇನ ನಾ?"

ಕೆಳಗೆ ಕೂತಿದ್ದ ಹಿರೇಮಠ ಸರ್ ತಲೆ ಎತ್ತಿ, "ಹೌದ್ರಿ, ಮಲ್ಲಪ್ಪನವರ," ಅಂದರು. ಅವರು ಕಾಕಾನನ್ನು ಹಾಗೆ ಕರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.